ಮೀನು ತರೋಕೆ ಮುಂಚೆ ಒಂದು ತಿಂಗಳು ತಡೀರಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಮನೇಲಿ ಅಕ್ವೇರಿಯಂ ಇಡೋದ್ರ ಬಗ್ಗೆ ಅರ್ಧ ಪುಟ ಹಾಕಿದ್ರಿ, ಫೋಟೋ ಚೆನ್ನಾಗಿತ್ತು. ಈಶಾನ್ಯ ಮೂಲೇಲಿ ಇಡ್ಬೇಕು, ಒಂಬತ್ತು ಮೀನು ಇರ್ಬೇಕು, ಎಂಟು ಬಂಗಾರದ ಬಣ್ಣದ್ದು ಒಂದು ಕಪ್ಪು, ಕಪ್ಪಿಂದು ಮನೆ ಮೇಲಿನ ದೃಷ್ಟಿ ಎಳ್ಕೊಳ್ಳುತ್ತೆ, ಇಷ್ಟೆಲ್ಲಾ ಇತ್ತು. ತೊಟ್ಟಿಗೆ ನೀರು ತುಂಬಿದ ಮೇಲೆ ಮೀನು ಬಿಡೋಕೆ ಎಷ್ಟು ದಿನ ತಡೀಬೇಕು ಅನ್ನೋ ಒಂದು ಸಾಲು ಮಾತ್ರ ಎಲ್ಲೂ ಇರ್ಲಿಲ್ಲ. ಆ ಸಾಲನ್ನ ನಂಗೂ ಯಾರೂ ಹೇಳಿರ್ಲಿಲ್ಲ, ಅದಕ್ಕೆ ಹೋದ ವರ್ಷ ನಮ್ಮನೇಲಿ ಏನಾಯ್ತು ಅಂತ ಬರೀತಿದ್ದೀನಿ. ಉದ್ದ ಆಯ್ತು ಅನ್ಸಿದ್ರೆ ಎಲ್ಲಿ ಬೇಕಾದ್ರೂ ಕತ್ತರಿ ಹಾಕ್ರಿ, ಮೀನಿಗೆ ವಿಷವಾಗೋ ನೈಟ್ರೈಟ್ ವಿಷಯಕ್ಕೆ ಮಾತ್ರ ಹಾಕ್ಬೇಡ್ರಿ.

ನಂದು ಇಲ್ಲೇ ದಾವಣಗೆರೇಲಿ ಗೊಬ್ಬರದ ಅಂಗಡಿ. ಭದ್ರಾ ನಾಲೆ ಕಡೆ ಭತ್ತದೋರು, ಮಳೆ ನಂಬ್ಕೊಂಡಿರೋ ಮೆಕ್ಕೆಜೋಳದೋರು, ಇವರಿಗೆ ಇಪ್ಪತ್ತು ವರ್ಷದಿಂದ ಯೂರಿಯಾ ಡಿಎಪಿ ಮಾರ್ಕೊಂಡು ಬಂದೋನು. ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ಆಮೇಲೆ ಗೊತ್ತಾಗುತ್ತೆ.

ಮಗ ಆರನೇ ಕ್ಲಾಸು, ಮೀನು ಬೇಕು ಅಂತ ಮೂರು ತಿಂಗಳು ಹಠ ಮಾಡಿದ. ಸರಿ ಅಂತ ಒಂದು ಅಂಗಡಿಗೆ ಹೋದ್ವಿ, ಯಾವ ಅಂಗಡಿ ಅಂತ ಬೇಡ ಬಿಡ್ರಿ. ಎರಡಡಿ ಉದ್ದ ಒಂದಡಿ ಅಗಲ ಒಂದಡಿ ಎತ್ತರದ ಗಾಜಿನ ತೊಟ್ಟಿ, ಅಂದ್ರೆ ಸುಮಾರು 56 ಲೀಟರ್ ನೀರು ಹಿಡಿಯುತ್ತೆ, ಅದರ ಜೊತೆ ಏರ್ ಪಂಪು, ಸ್ಪಂಜಿನ ಫಿಲ್ಟರು, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಆಮೇಲೆ ಕವರಲ್ಲಿ ಗಂಟು ಹಾಕಿ ಒಂಬತ್ತು ಗೋಲ್ಡ್ ಫಿಶ್, ಎಲ್ಲಾ ಒಂದೇ ಆಟೋದಲ್ಲಿ ತುಂಬಿ ಕಳ್ಸಿದ್ರು. 'ಬೆಳಿಗ್ಗೆ ನೀರು ತುಂಬಿಸ್ರಿ ಸರ್, ಸಂಜೆ ಮೀನು ಬಿಡ್ರಿ, ಈ ನೀಲಿ ಔಷಧಿ ನಾಲ್ಕು ಹನಿ ಹಾಕ್ರಿ ಸಾಕು, ಏನಾಗಲ್ಲ' ಅಂದ ಅಂಗಡಿಯವ. ಹಾಗೇ ಮಾಡಿದ್ವಿ. ಈಶಾನ್ಯ ಮೂಲೇಲೇ ಇಟ್ವಿ, ಅಲ್ಲಿ ಕಿಟಕಿ ಇದೆ, ಬೆಳಗಿನ ಬಿಸಿಲು ನೇರ ಗಾಜಿಗೇ ಬೀಳುತ್ತೆ, ಅದರ ಫಲವಾಗಿ ಆಮೇಲೆ ಪಾಚಿ ಬಂತು, ಅದು ಬೇರೆ ಕಥೆ.

ಎರಡು ದಿನ ಮನೆಯಲ್ಲಿ ಟಿವಿ ಹಾಕಲಿಲ್ಲ, ಎಲ್ಲರೂ ತೊಟ್ಟಿ ಮುಂದೇನೇ. ಮೂರನೇ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯ್ತು, ಮೀನೆಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದ್ವು, ಕಿವಿರು ಕೆಂಪಗೆ ಉರಿದಂಗೆ ಕಾಣ್ತಿತ್ತು. ಗಲೀಜಾಯ್ತು ಅಂತ ನಾನು ಪೂರ್ತಿ ನೀರು ಚೆಲ್ಲಿ, ಸ್ಪಂಜನ್ನ ಪಾತ್ರೆ ಸೋಪು ಹಾಕಿ ನಲ್ಲಿ ಕೆಳಗೆ ಗಸಗಸ ತಿಕ್ಕಿ, ಹೊಸ ನೀರು ತುಂಬಿಸ್ದೆ. ಅವ್ವ ತನ್ನ ಪಾಡಿಗೆ ನಾಲ್ಕು ಬೇವಿನ ಎಲೆ ತಂದು ಹಾಕಿದ್ಲು, ಸೋಂಕು ಹೋಗ್ಲಿ ಅಂತ. ಐದನೇ ದಿನ ಎರಡು ಹೋದ್ವು. ಆರನೇ ದಿನ ಮೂರು. ಎಂಟನೇ ದಿನಕ್ಕೆ ಕಪ್ಪಿಂದೊಂದೇ ಉಳೀತು, ಮೂಲೇಲಿ ತಲೆ ಕೆಳಗೆ ಮಾಡ್ಕೊಂಡು, ರೆಕ್ಕೆ ಮುದುಡ್ಕೊಂಡು. ಒಂಬತ್ತನೇ ದಿನ ಬೆಳಿಗ್ಗೆ ಅದೂ ಇಲ್ಲ. ಅವ್ವ ಅಂದಿದ್ದು, 'ಹೋಗ್ಲಿ ಬಿಡಪ್ಪ, ಮನಿ ಮ್ಯಾಲಿನ ಕಣ್ಣೆಲ್ಲಾ ಅದು ತಗಂಡು ಹೋತು.' ಮಗ ಒಂಬತ್ತನ್ನೂ ಹಿತ್ತಲ ಕರಿಬೇವಿನ ಬುಡದಲ್ಲಿ ಹೂತಿಟ್ಟ, ಕಪ್ಪಿಂದನ್ನ ಮಾತ್ರ ಬೇರೆ ಗುಂಡಿ ತೋಡಿ. ಅಂಗಡಿಯವನಿಗೆ ಹೋಗಿ ಕೇಳಿದ್ರೆ, 'ಕೆಲವರ ಕೈಗುಣ ಹಂಗೆ ಸರ್, ಇನ್ನೊಂದು ಸೆಟ್ ಕೊಡ್ಲಾ' ಅಂದ.

ನನ್ನ ತಂಗಿ ಮಗಳು ಮಂಗಳೂರಿನ ಮೀನುಗಾರಿಕೆ ಕಾಲೇಜಲ್ಲಿ ಓದ್ತಾಳೆ. ರಾತ್ರಿ ಫೋನ್ ಮಾಡಿ ಎಲ್ಲಾ ಹೇಳಿದೆ. ಅವಳು ಸುಮ್ನೆ ಕೇಳಿಸ್ಕೊಂಡು ಕೊನೆಗೆ, 'ಮಾವ, ಯೂರಿಯಾ ಹೊಲಕ್ಕೆ ಹಾಕಿದ ಮೇಲೆ ಏನಾಗುತ್ತೆ ಅಂತ ರೈತರಿಗೆ ಹೇಳ್ತೀರಲ್ಲ, ಅದನ್ನೇ ನಂಗೆ ಒಂದ್ಸಲ ಹೇಳಿ' ಅಂದ್ಲು. ಹೇಳೋಕೆ ಶುರು ಮಾಡ್ದೆ, ಯೂರಿಯಾ ಒಡೆದು ಅಮೋನಿಯಾ ಆಗುತ್ತೆ, ಅದನ್ನ ಮಣ್ಣಲ್ಲಿರೋ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡುತ್ತೆ, ಆ ನೈಟ್ರೇಟನ್ನ ಬೆಳೆ... ಅಲ್ಲಿಗೆ ನನ್ನ ಬಾಯಿ ನಿಂತುಹೋಯ್ತು. ಇಪ್ಪತ್ತು ವರ್ಷ ಸಾರಜನಕ ಮಾರಿದೋನು ನಾನು, ಮನೆಯೊಳಗೆ 56 ಲೀಟರಲ್ಲಿ ಅದೇ ಸಾರಜನಕದಿಂದ ಒಂಬತ್ತು ಜೀವ ತೆಗ್ದಿದ್ದೆ.

ವಿಷಯ ಇಷ್ಟೇ ಸ್ವಾಮಿ. ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತೆ, ಅದರ ಹಿಕ್ಕೆ, ತಿನ್ನದೇ ಉಳಿದ ಆಹಾರ ಕೊಳೆತ್ರೂ ಅಮೋನಿಯಾನೇ. ಹೊಲದಲ್ಲಿ ಬ್ಯಾಕ್ಟೀರಿಯಾ ಮೊದಲೇ ಇದೆ, ಕೆರೇಲೂ ಇದೆ, ಹೊಸ ಗಾಜಿನ ತೊಟ್ಟೀಲಿ ಹೆಚ್ಚುಕಮ್ಮಿ ಇರಲ್ಲ. ಅದು ಸ್ಪಂಜಲ್ಲಿ, ಕಲ್ಲಿನ ಮೇಲೆ ಅಂಟ್ಕೊಂಡು ಬೆಳೀಬೇಕು, ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಅಷ್ಟರೊಳಗೆ ಮೀನು ಬಿಟ್ರೆ ಅದು ತನ್ನ ಉಚ್ಚೇಲೇ ತಾನು ಕುದ್ದು ಸಾಯುತ್ತೆ, ಮಾತು ಒರಟಾಯ್ತು, ಆದ್ರೆ ನಡೆಯೋದು ಅದೇ. ನಮ್ಮನೆ ನೀರು ಗಡಸು, ಪಿಎಚ್ ಅಂದ್ರೆ ಕ್ಷಾರದ ಅಳತೆ ಜಾಸ್ತಿ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ, ಬೇಸಿಗೆ ಬಿಸಿ ಸೇರಿದ್ರೆ ಇನ್ನೂ ಜಾಸ್ತಿ. ಅಮೋನಿಯಾ ಇಳೀತು ಅಂತ ಖುಷಿಪಡೋ ಹೊತ್ತಿಗೆ ನೈಟ್ರೈಟ್ ಏರುತ್ತೆ, ಇದು ರಕ್ತಕ್ಕೆ ಹೋಗಿ ಆಕ್ಸಿಜನ್ ಹೊರೋ ಶಕ್ತೀನೇ ಕಿತ್ಕೊಳ್ಳುತ್ತೆ, ನೀರಲ್ಲಿ ಗಾಳಿ ಎಷ್ಟೇ ಇದ್ರೂ ಮೀನು ಉಸಿರುಕಟ್ಟಿ ಸಾಯುತ್ತೆ. ಬಾವಿ ನೀರಲ್ಲಿ ನೈಟ್ರೇಟ್ ಜಾಸ್ತಿಯಾಗಿ ಎಳೇ ಕೂಸುಗಳು ನೀಲಿಗಟ್ಟೋ ಕಾಯಿಲೆ ಕೇಳಿರ್ತೀರಿ, ಹೆಚ್ಚುಕಮ್ಮಿ ಅದೇ ಇದು. ಕೊನೇಲಿ ಉಳಿಯೋ ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದ್ರೆ ಹೋಗುತ್ತೆ.

ನಾನು ಮಾಡಿದ ಒಂದೊಂದು ಉಪಚಾರಾನೂ ಈಗ ಲೆಕ್ಕ ಹಾಕ್ರಿ. ಸೋಪು ಹಾಕಿ ಸ್ಪಂಜು ತಿಕ್ಕಿದ್ದು, ಕ್ಲೋರಿನ್ ಇರೋ ನಲ್ಲಿ ನೀರನ್ನ ನೇರ ಸುರಿದಿದ್ದು, ಬ್ಯಾಕ್ಟೀರಿಯಾಕ್ಕೇ ಏಟು ಕೊಡೋ ನೀಲಿ ಔಷಧಿ, ಹುಟ್ಟೋಕೆ ಶುರುವಾಗಿದ್ದ ನಾಲ್ಕು ಬ್ಯಾಕ್ಟೀರಿಯಾನೂ ಅಲ್ಲೇ ಮುಗೀತು. ನಂಗೆ ನಗು ಬಂದಿದ್ದು ಬೇವಿನ ಎಲೆಗೆ. 2015ರಿಂದ ದೇಶದಲ್ಲಿ ತಯಾರಾಗೋ ಯೂರಿಯಾಕ್ಕೆಲ್ಲಾ ಬೇವಿನೆಣ್ಣೆ ಲೇಪ ಕಡ್ಡಾಯ, ಯಾಕೆ ಅಂದ್ರೆ ಇದೇ ಬ್ಯಾಕ್ಟೀರಿಯಾದ ಕೆಲಸ ನಿಧಾನ ಮಾಡೋಕೆ, ಸಾರಜನಕ ಬೇಗ ಬಸಿದು ಹೋಗ್ದೇ ಇರ್ಲಿ ಅಂತ. ದಿನಾ ಕೌಂಟರಲ್ಲಿ ನಿಂತು ಇದನ್ನ ವಿವರಿಸೋನ ಮನೇಲಿ ತೊಟ್ಟಿಗೆ ಬೇವು ಬಿತ್ತು.

ಎರಡನೇ ಸಲ ಸರಿಯಾಗಿ ಮಾಡಿದ್ವಿ. ತೊಟ್ಟಿಯನ್ನ ಕಿಟಕಿಯಿಂದ ತೆಗೆದು ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ವಿ, ನೀರೇ 56 ಕೆಜಿ ಬರುತ್ತಲ್ಲ, ಗಾಜು ಕಲ್ಲು ಬೇರೆ, ಟಿವಿ ಸ್ಟ್ಯಾಂಡ್ ಆಗ್ಲೇ ಬಿಲ್ಲಿನಂಗೆ ಬಾಗಿತ್ತು. ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹಾಕಿದ್ವಿ, ಹಳೇ ಫೋಟೋ ಸ್ಟುಡಿಯೋದವರು ಹೈಪೋ ಅಂತಿದ್ರಲ್ಲ ಅದೇ ಸೋಡಿಯಂ ಥಯೋಸಲ್ಫೇಟ್, ಬೇರೇನಲ್ಲ. ಫಿಲ್ಟರ್ ಆನ್ ಮಾಡಿ ಖಾಲಿ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕ್ತಾ ಬಂದ್ವಿ, ಅದು ಕೊಳೆತು ಅಮೋನಿಯಾ ಆಗ್ಲಿ ಅಂತ. ಅಂಗಡೀಲಿ 46 ಪರ್ಸೆಂಟ್ ಸಾರಜನಕ ಇರೋ ಚೀಲ ರಾಶಿ ಬಿದ್ದಿದೆ, ನಾಲ್ಕು ಕಾಳು ಯೂರಿಯಾನೇ ಹಾಕ್ಲಾ ಅಂತ ತಂಗಿ ಮಗಳನ್ನ ಕೇಳ್ದೆ. 'ಬೇವಿನ ಲೇಪ ಮರೆತ್ರಾ ಮಾವ' ಅಂದ್ಲು, ಸುಮ್ನಾದೆ.

ಪಕ್ಕದ ಮನೆಯವರು ಕೇಳೋರು, ಏನ್ರೀ ಮೀನೇ ಇಲ್ದಿರೋ ನೀರಿಗೆ ಊಟ ಹಾಕ್ತೀರಲ್ಲ ಅಂತ. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ತರಿಸಿದ್ದೆ, ಅದನ್ನ ಮಗನ ಸುಪರ್ದಿಗೆ ಕೊಟ್ಟೆ. ಗೊಬ್ಬರದ ಕಂಪನಿ ಕ್ಯಾಲೆಂಡರ್ ಹಾಳೆ ಹಿಂದೆ ಅವನೇ ಬರೆದಿಟ್ಟಿದ್ದಾನೆ, ನನ್ನ ಮುಂದೇ ಇದೆ. ಆರನೇ ದಿನ ಅಮೋನಿಯಾ ನಳಿಗೆ ಹಳದಿಯಿಂದ ಹಸಿರಿಗೆ ತಿರುಗ್ತು, ಹತ್ತನೇ ದಿನಕ್ಕೆ ಲೀಟರಿಗೆ 2 ಮಿಲಿಗ್ರಾಂ. ಹದಿನಾರನೇ ದಿನ ನೈಟ್ರೈಟ್ ನಳಿಗೆ ಮೊದಲ ಸಲ ನೇರಳೆ, ಅವನು ಬ್ರಾಕೆಟ್ಟಲ್ಲಿ 'ಬದನೆಕಾಯಿ ಕಲರ್' ಅಂತ ಬರ್ಕೊಂಡಿದ್ದಾನೆ. ಆಮೇಲೆ ಎರಡು ವಾರ ಬದನೆಕಾಯಿನೇ. ಮಗನಿಗೂ ಬೇಜಾರಾಯ್ತು, ನಂಗೂ ಆಯ್ತು, ಮಧ್ಯೆ ಒಂದಿನ ಕರೆಂಟ್ ಹೋಗಿ ಐದು ಗಂಟೆ ಪಂಪು ನಿಂತಿತ್ತು, ಗಾಳಿ ಇಲ್ದಿದ್ರೆ ಈ ಬ್ಯಾಕ್ಟೀರಿಯಾದ ಕೆಲಸ ನಿಲ್ಲುತ್ತೆ, ಅದಕ್ಕೆ ಆಮೇಲೆ ಪಂಪನ್ನ ಯುಪಿಎಸ್‌ಗೆ ಹಾಕಿದ್ವಿ. ಮೂವತ್ತೇಳನೇ ದಿನ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಂಡ್ತು. ಖಾತ್ರಿಗೆ ಇನ್ನೂ ಎರಡು ದಿನ ಆಹಾರ ಹಾಕಿ ನೋಡಿದ್ವಿ, ಎರಡೂ ಸೊನ್ನೇನೇ. ಇದನ್ನೇ ಸೈಕಲ್ ಆಗೋದು ಅಂತಾರಂತೆ. ಹತ್ತನೇ ಕ್ಲಾಸ್ ರಿಸಲ್ಟ್ ಬಂದ ದಿನಾನೂ ನಾನು ಅಷ್ಟು ಖುಷಿಪಟ್ಟಿರ್ಲಿಲ್ಲ, ಅವತ್ತು ಪಟ್ಟಿದ್ದು ಪಾಸಾಗಿದ್ದಕ್ಕೆ ಆಶ್ಚರ್ಯ.

ಬೇಗ ಆಗ್ಬೇಕು ಅನ್ನೋರಿಗೆ ಒಂದು ದಾರಿ ಇದೆ. ಚೆನ್ನಾಗಿ ನಡೀತಿರೋ ತೊಟ್ಟಿ ಯಾರ ಮನೇಲಾದ್ರೂ ಇದ್ರೆ ಅವರ ಫಿಲ್ಟರ್ ಸ್ಪಂಜಲ್ಲಿ ಒಂದು ತುಂಡು ಕತ್ತರಿಸಿ ತಂದು ನಿಮ್ಮ ತೊಟ್ಟೀಲಿ ಹಾಕ್ಕೊಳ್ರಿ, ಹಾಲಿಗೆ ಹೆಪ್ಪು ಹಾಕಿದಂಗೆ. ಹಸಿಯಾಗೇ ತರ್ಬೇಕು, ಒಣಗಿದ್ರೆ ಮುಗೀತು. ನಮ್ಮ ಬೀದೀಲಿ ಇಬ್ಬರು ಹೀಗೆ ಬಂದು ತಗೊಂಡು ಹೋಗಿದ್ದಾರೆ, ನಮ್ಮನೆ ಸ್ಪಂಜು ಈಗ ಇಲಿ ಕಡಿದಂಗೆ ಇದೆ.

ಇನ್ನು ಗೋಲ್ಡ್ ಫಿಶ್ ಬೇಡ. ಬೆರಳಷ್ಟಿದ್ದಾಗ ಮಾರ್ತಾರೆ, ಅದು ಗೇಣುದ್ದ ಬೆಳೆಯೋ ಮೀನು, ಗಲೀಜೂ ಅಷ್ಟೇ ಮಾಡುತ್ತೆ, ಒಂಬತ್ತು ಬಿಡ್ರಿ ಎರಡಡಿ ತೊಟ್ಟಿಗೆ ಒಂದೂ ಸರಿ ಹೋಗಲ್ಲ, ಗುಂಡು ಗಾಜಿನ ಬೋಗುಣಿ ಅಂತೂ ಅದಕ್ಕೆ ಜೈಲು. ನಾವು ಮೊದಲು ಆರು ಜೀಬ್ರಾ ಮೀನು ಬಿಟ್ವಿ, ಮೂರು ವಾರ ಬಿಟ್ಟು ನಾಲ್ಕು ಗಪ್ಪಿ, ಗಪ್ಪಿಗೆ ನಮ್ಮ ಗಡಸು ನೀರು ಒಗ್ಗುತ್ತೆ. ವಾರಕ್ಕೆ ಒಂದು ಕೊಡ ನೀರು ತೆಗೆದು ಒಂದು ಕೊಡ ಹಾಕ್ತೀವಿ, ಸ್ಪಂಜನ್ನ ತೆಗೆದ ಹಳೇ ನೀರಲ್ಲೇ ಅದ್ದಿ ಹಿಂಡ್ತೀವಿ, ನಲ್ಲಿ ಕೆಳಗೆ ಹಿಡಿಯಲ್ಲ.

ಅಂಗಡಿಯವ 'ಟ್ಯಾಂಕ್ ಕ್ಲೀನರ್' ಅಂತ ಒಂದು ಕಪ್ಪು ಮೀನು ಕೊಡೋಕೆ ಬಂದಿದ್ದ, ಗಾಜಿಗೆ ಬಾಯಿ ಅಂಟಿಸ್ಕೊಂಡಿರುತ್ತಲ್ಲ ಅದು. ಹಿಕ್ಕೆ ಏನೂ ತಿನ್ನಲ್ಲ ಅದು, ತಾನೇ ರಾಶಿ ಹಾಕುತ್ತೆ, ಒಂದಡಿ ಮೀರಿ ಬೆಳೆಯುತ್ತೆ, ಆಮೇಲೆ ಜನ ಏನು ಮಾಡ್ತಾರೆ ಅಂದ್ರೆ ರಾತ್ರೋರಾತ್ರಿ ಹೋಗಿ ಕೆರೆಗೆ ಬಿಟ್ಟು ಬರ್ತಾರೆ, ಪುಣ್ಯ ಬಂತು ಅನ್ಕೊಂಡು. ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೇಲಿ ಈ ದಕ್ಷಿಣ ಅಮೆರಿಕದ ಮೀನು ಹೀಗೇ ಸೇರ್ಕೊಂಡು ನಮ್ಮ ಮೀನಿನ ಜಾಗ ತಿಂದಿದೆ, ಬಲೆಗೆ ಬಿದ್ರೆ ಬಲೇನೇ ಹರಿಯುತ್ತೆ. ಕುಂದವಾಡ ಕೆರೆ ನೀರನ್ನ ನಾವೇ ಕುಡಿಯೋದು, ಬೆಳಿಗ್ಗೆ ವಾಕಿಂಗ್ ಹೋಗೋರೂ ನಾವೇ, ದಯವಿಟ್ಟು ಅಲ್ಲಿಗೆ ಕವರ್ ಹಿಡ್ಕೊಂಡು ಹೋಗ್ಬೇಡ್ರಿ. ಸೂಳೆಕೆರೆಗೂ ಬೇಡ. ಅಂಗಡಿಗೇ ವಾಪಸ್ ಕೊಡ್ರಿ, ದುಡ್ಡು ಕೊಡ್ದಿದ್ರೂ ಮೀನು ತಗೋತಾರೆ.

ಸಂಪಾದಕರೇ, ನಾನು ಕೇಳೋದು ಎರಡೇ. ವಾಸ್ತು ಬರೆಯೋರು ಬರೀಲಿ, ನಮ್ಮವ್ವನೂ ಓದ್ತಾಳೆ, ನಂಗೆ ತಕರಾರಿಲ್ಲ, ಆದ್ರೆ ಮುಂದಿನ ಸಲ ಅಕ್ವೇರಿಯಂ ವಿಷಯ ಬಂದಾಗ ನೀರು ತುಂಬಿ, ಫಿಲ್ಟರ್ ಆನ್ ಮಾಡಿ, ದಿನಾ ಚಿಟಿಕೆ ಆಹಾರ ಹಾಕ್ತಾ ಒಂದು ತಿಂಗಳಾದ್ರೂ ಬಿಟ್ಟು ಮೀನು ತನ್ನಿ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕ್ರಿ. ಎರಡನೇದು ಮೀನಿನ ಅಂಗಡಿಯವರಿಗೆ, ತೊಟ್ಟಿ ಇವತ್ತು ಮಾರ್ರಿ, ಮೀನನ್ನ ಮುಂದಿನ ತಿಂಗಳು ಮಾರ್ರಿ, ಗಿರಾಕಿ ಎಲ್ಲೂ ಹೋಗಲ್ಲ, ಮೀನು ಬದುಕಿದ್ರೆ ಆಹಾರ ತಗೊಳ್ಳೋಕೆ ವರ್ಷಗಟ್ಟಲೆ ನಿಮ್ಮ ಹತ್ರಾನೇ ಬರ್ತಾನೆ. ನಾನೂ ವ್ಯಾಪಾರಸ್ಥ, ಲೆಕ್ಕ ಗೊತ್ತು.

ತೊಟ್ಟಿಯಿಂದ ತೆಗೆದ ಆ ಒಂದು ಕೊಡ ನೀರು, ನೈಟ್ರೇಟ್ ತುಂಬಿರೋದು, ಪ್ರತಿ ಭಾನುವಾರ ಕರಿಬೇವಿನ ಬುಡಕ್ಕೆ ಹೋಗುತ್ತೆ. ಗಿಡ ಈಗ ಕಾಂಪೌಂಡ್ ಗೋಡೆ ದಾಟಿದೆ, ಪಕ್ಕದ ಮನೆಯವರು ಕೇಳದೇನೇ ಕಿತ್ಕೊಂಡು ಹೋಗ್ತಾರೆ.

ಹೆಸರು ಹಾಕ್ಬೇಡ್ರಿ, ಅಂಗಡಿಗೆ ಬರೋ ರೈತರು ನಗ್ತಾರೆ.

ಇಂತಿ,
ಒಬ್ಬ ಗೊಬ್ಬರದ ಅಂಗಡಿಯವ,
ದಾವಣಗೆರೆ