ಜಿಡ್ಡಿನಡಿಯ ಅಕ್ಷರಗಳನ್ನು ಓದಿಸಿದವರಿಗೆ

ಸಕಲೇಶಪುರದ ಕಾಫಿ ತೋಟವೊಂದರ ಕೊಟ್ಟಿಗೆಯಲ್ಲಿ ಸೌದೆಯಡಿ ಹುದುಗಿದ್ದ ಬೈಕನ್ನು, ಟ್ಯಾಂಕಿನ ಮೇಲಿನ ಬರಹವನ್ನು ನಂಬಿ ನಾರ್ಟನ್ ಕಂಪನಿಯದೆಂದೇ ನಾನು ಕೊಂಡಿದ್ದೆ. ತಮ್ಮ ಹೆಸರು ಬೇಡವೆಂದ ಹಿರಿಯ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನತ್ತ ಕಣ್ಣೂ ಹಾಯಿಸದೆ, ಸೀಮೆಎಣ್ಣೆಯ ಬಟ್ಟೆಯಿಂದ ಎಂಜಿನ್ನಿನ ಎಡಬದಿಯ ಜಿಡ್ಡನ್ನು ಒರೆಸಿ, ಸಿಲಿಂಡರಿನ ಬುಡದಲ್ಲಿ ಒತ್ತಿದ್ದ 'ಡಬ್ಲ್ಯೂಎಂ20' ಎಂಬ ಗುರುತನ್ನು ತೋರಿಸಿ, ಇದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಗಾಗಿ ತಯಾರಾದ ಬಿಎಸ್‌ಎ ಕಂಪನಿಯ ಎಂ20 ಮಾದರಿ ಎಂದರು. ಒಳಭಾಗಗಳು ಬದಲಾಗಿರಬಹುದೆಂಬ ಸಂಶಯದಿಂದ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿ ಪಿಸ್ಟನ್ ಚಲಿಸುವ ದೂರವನ್ನೂ ಅಳೆದರು: 94 ಮಿ.ಮೀ. ಬಂತು, ಅದೇ ಕಂಪನಿಯ ಇನ್ನೂ ದೊಡ್ಡ ಎಂಜಿನ್ನಿನ ಎಂ21 ಆಗಿದ್ದರೆ 112 ಇರಬೇಕಿತ್ತು. ನಾರ್ಟನ್ ಬಿಡಿಭಾಗಗಳಿಗೆ ಸುರಿಯಲಿದ್ದ ನನ್ನ ಹಣವನ್ನು ಉಳಿಸಿ, ಒಂದು ಲೋಟ ಕಾಫಿಯ ಹೊರತು (ಅದೂ ಸಕ್ಕರೆಯಿಲ್ಲದ್ದು) ಏನನ್ನೂ ಸ್ವೀಕರಿಸದ ಆ ಮಹನೀಯರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ.