ಅಳುವ ಪೆಟ್ಟಿಗೆ ಉಳಿಸಿಕೊಟ್ಟ ಪುಣ್ಯಾತ್ಮರಿಗೆ

ಶನಿವಾರ ರಾತ್ರಿ ಸೀ ಆಫ್ ಥೀವ್ಸ್ ಅನ್ನೋ ಕಡಲ್ಗಳ್ಳರ ವಿಡಿಯೋ ಗೇಮ್‌ನಲ್ಲಿ ನನ್ನ ಪುಟ್ಟ ಸ್ಲೂಪ್ ಹಡಗು ಮುಳುಗದಂತೆ ಕಾಪಾಡಿದ ಆ ಅಪರಿಚಿತರಿಗೆ ದೊಡ್ಡ ಥ್ಯಾಂಕ್ಸ್. ಚೆಸ್ಟ್ ಆಫ್ ಸಾರೋ ಅನ್ನೋ ನಿಧಿ ಪೆಟ್ಟಿಗೆ ಅತ್ತರೆ ಹಡಗಿಗೆ ನೀರು ತುಂಬುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ, ಕೈಯಲ್ಲಿ ಹಲಗೆ ಹಿಡಿದು ಎಲ್ಲಿ ತೂತಾಗಿದೆ ಅಂತ ಸುಮ್ನೆ ಹುಡುಕುತ್ತಿದ್ದೆ! ನೀವು ಹತ್ತಿದಾಗ ದೋಚೋಕೇ ಬಂದಿದ್ದೀರಿ ಅಂದುಕೊಂಡು ಗುಂಡು ಹೊಡೆದೆ, ಕ್ಷಮಿಸಿ. ಆದರೂ ನೀವು ಬಕೆಟ್ ತೆಗೆದು ನೀರು ಹೊರಗೆ ಚೆಲ್ಲಿದಿರಿ, ಮಾಲು ಮಾರೋ ದ್ವೀಪವಾದ ಔಟ್‌ಪೋಸ್ಟ್‌ವರೆಗೂ ಜೊತೆಗೆ ಬಂದಿರಿ, ಪೆಟ್ಟಿಗೆ ಗೋಲ್ಡ್ ಹೋರ್ಡರ್ಸ್ ಅನ್ನೋ ವ್ಯಾಪಾರಿ ಗುಂಪಿಗೆ, ತಲೆಬುರುಡೆ ಆರ್ಡರ್ ಆಫ್ ಸೋಲ್ಸ್ ಅನ್ನೋ ಇನ್ನೊಂದು ಗುಂಪಿಗೆ ಮಾರಬೇಕು ಅಂತ ಹೇಳಿಕೊಟ್ಟಿರಿ. (ನಾನು ಬುರುಡೆ ಹಿಡಿದು ತಪ್ಪು ಟೆಂಟಿನ ಮುಂದೆ ನಿಂತಿದ್ದನ್ನು ಮರೆತುಬಿಡಿ.) ಎರಡು ಹಡಗಿನವರು ಒಂದಾಗೋ ಅಲಯನ್ಸ್ ಬಾವುಟ ಏರಿಸಿದ್ದರೆ ನನ್ನ ಮಾಲಿನ ಅರ್ಧದಷ್ಟು ಚಿನ್ನ ನಿಮಗೂ ಸಿಗುತ್ತಿತ್ತು, ಅದೂ ಬೇಡ ಅಂದಿರಿ. ಮತ್ತೆ ಸಿಕ್ಕರೆ ನೀರು ಚೆಲ್ಲೋದು ನಾನು.