ಪಕ್ಕದೂರಿನ ಹೊಸ ಆಟ, ನಮ್ಮೂರಿನ ಒಂದು ರಾತ್ರಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು: ಪ್ರವಾಸಿಗರೆಲ್ಲ ಗೋವಾಕ್ಕೆ, ಗೋಕರ್ಣಕ್ಕೆ, ಮುರ್ಡೇಶ್ವರಕ್ಕೆ ಹೋಗುತ್ತಿದ್ದಾರೆ, ಕಾರವಾರಕ್ಕೂ ಒಂದು ಥೀಮ್ ಪಾರ್ಕ್ ಬಂದರೆ ಮಾತ್ರ ಊರು ಉಳಿಯುತ್ತದೆ ಎಂದು. ಅವರ ಸಂಕಟ ನನಗೆ ತಿಳಿಯದ್ದಲ್ಲ. ಕೋಡಿಬಾಗದಲ್ಲಿ ಆರು ಕೋಣೆಗಳ ಲಾಡ್ಜ್ ನಡೆಸುವವನು ನಾನು. ಶನಿವಾರ ಸಂಜೆಯೂ ಮೂರು ಕೋಣೆಗಳ ಕೀಲಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿದ್ದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ಆದರೆ ಥೀಮ್ ಪಾರ್ಕುಗಳ ಪೈಪೋಟಿ ಪ್ರವಾಸಿಗರನ್ನು ಹೇಗೆ ಎಳೆದಾಡುತ್ತದೆ ಎಂಬುದನ್ನು ಅದರ ತವರಿನಲ್ಲೇ, ಅಮೆರಿಕದ ಒರ್ಲ್ಯಾಂಡೊದಲ್ಲಿ, ಐದು ದಿನ ನೋಡಿ ಬಂದಿದ್ದೇನೆ. ಹಾಗಾಗಿ ಈ ಪತ್ರ.

ನನ್ನ ಮಗ ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿದ್ದಾನೆ. 2025ರ ಜೂನ್ ಕೊನೆಯಲ್ಲಿ ನನ್ನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಮಕ್ಕಳೊಂದಿಗೆ ಒರ್ಲ್ಯಾಂಡೊಗೆ ಹೋಗುವುದೆಂದು ಅದರ ಹಿಂದಿನ ದಸರೆಯ ಹೊತ್ತಿಗೇ ಮಾತಾಗಿತ್ತು. ಮೊದಲಿನ ಲೆಕ್ಕ ಸರಳವಾಗಿತ್ತು. ಡಿಸ್ನಿಯವರಿಗೆ ಅಲ್ಲಿ ನಾಲ್ಕು ಪಾರ್ಕು: 1971ರ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ದಿನಕ್ಕೊಂದರಂತೆ ನಾಲ್ಕು ದಿನ, ನಡುವೆ ನಮ್ಮ ಮೊಣಕಾಲಿಗೆಂದು ಒಂದು ದಿನ ವಿಶ್ರಾಂತಿ. ಸೊಸೆ ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದು ಊರಿಗೆ ಕಳಿಸಿದ್ದಳು.

ಆಮೇಲೆ ಮೊಮ್ಮಗನ ಶಾಲೆಯಲ್ಲಿ ಸುದ್ದಿ ಹಬ್ಬಿತು. ಎದುರಾಳಿ ಯೂನಿವರ್ಸಲ್‌ನವರು 2025ರ ಮೇ 22ಕ್ಕೆ 'ಎಪಿಕ್ ಯೂನಿವರ್ಸ್' ಎಂಬ ಹೊಸ ಪಾರ್ಕನ್ನೇ ತೆರೆಯುತ್ತಾರಂತೆ. ಒಳಗೆ ಐದು ಲೋಕ: ನಿಂಟೆಂಡೊದ ಮಾರಿಯೋಗೆ ಒಂದು, ಡ್ರ್ಯಾಗನ್‌ಗಳಿಗೆ ಒಂದು, ದೆವ್ವಪಿಶಾಚಿಗಳಿಗೆ ಒಂದು, ಹ್ಯಾರಿ ಪಾಟರ್‌ನ ಮಾಂತ್ರಿಕರ ಸರಕಾರಿ ಕಚೇರಿಗೆ ಒಂದು, ಇವೆಲ್ಲವನ್ನೂ ಕೂಡಿಸುವ ತೋಟ ಒಂದು. (ಸರಕಾರಿ ಕಚೇರಿ ನೋಡಲು ದುಡ್ಡು ಕೊಟ್ಟು ಸಾಲು ನಿಲ್ಲುತ್ತಾರೆಂದರೆ ನಾನು ಮೊದಲು ನಂಬಲಿಲ್ಲ.) ಒಂಬತ್ತು ವರ್ಷದ ಹುಡುಗ ಫೋನಿನಲ್ಲಿ ನನ್ನ ಹತ್ತಿರವೇ ಶಿಫಾರಸಿಗೆ ಬಂದ: "ಅಜ್ಜಾ, ಅಪ್ಪನಿಗೆ ನೀನು ಹೇಳು."

ಇಲ್ಲಿಂದ ಮುಂದಿನದನ್ನು ನಮ್ಮ ಲಾಡ್ಜಿನವರು, ದೋಣಿಯವರು, ಟ್ಯಾಕ್ಸಿಯವರು ಗಮನಿಸಬೇಕು. ಹೊಸ ಪಾರ್ಕು ಬಂತೆಂದು ಮಗನ ರಜೆ ಒಂದು ದಿನವೂ ಹೆಚ್ಚಾಗಲಿಲ್ಲ. ಇದ್ದದ್ದು ಐದೇ ದಿನ. ಹೊಸದಕ್ಕೆ ಒಂದು ದಿನ ಕೊಟ್ಟರೆ ಹಳೆಯದರಿಂದ ಒಂದು ದಿನ ಕಳೆದರಾಯಿತು ಎಂದು ನಾವು ತಿಳಿದೆವು. ಯೂನಿವರ್ಸಲ್‌ನವರು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಮೊದಮೊದಲು ಅವರು ಜನರಿಗೆ ಮಾರಿದ್ದು ಕನಿಷ್ಠ ಮೂರು ದಿನದ ಟಿಕೆಟ್ಟು. ಅದರಲ್ಲಿ ಹೊಸ ಪಾರ್ಕಿಗೆ ಪ್ರವೇಶ ಒಂದೇ ದಿನ, ಉಳಿದದ್ದು ಅವರದೇ ಹಳೆಯ ಪಾರ್ಕುಗಳಿಗೆ. ಬಿಡಿ ಟಿಕೆಟ್ಟು ಆಮೇಲೆ ಬಂತು, ದಿನ ನೋಡಿಕೊಂಡು 139ರಿಂದ 199 ಡಾಲರ್. ಅಷ್ಟರಲ್ಲಿ ಸೊಸೆ ಮೂರು ದಿನದ್ದನ್ನು ಕೊಂಡಾಗಿತ್ತು. ಒಂದು ಹೊಸ ಆಕರ್ಷಣೆ ಎದುರಾಳಿಯ ಜೇಬಿನಿಂದ ಒಂದಲ್ಲ, ಮೂರು ದಿನ ಎತ್ತಿಕೊಂಡಿತು. ಡಿಸ್ನಿಗೆ ಉಳಿದದ್ದು ಒಂದು. ವಿಶ್ರಾಂತಿಯ ದಿನ ಎಲ್ಲಿ ಹೋಯಿತೆಂದು ಕೇಳಬೇಡಿ.

ಹಾಗೆಂದು ಹಳೆಯವರ ಅಂಗಡಿ ಮುಚ್ಚಿತೆಂದಲ್ಲ. 2010ರ ಜೂನ್‌ನಲ್ಲಿ ಯೂನಿವರ್ಸಲ್‌ನ ಒಂದು ಪಾರ್ಕಿನಲ್ಲಿ ಹ್ಯಾರಿ ಪಾಟರ್ ಲೋಕ ತೆರೆದಾಗಲೂ ಡಿಸ್ನಿಯ ಕಾಲ ಮುಗಿಯಿತೆಂದು ಗುಲ್ಲಾಗಿತ್ತಂತೆ. ಆ ಪಾರ್ಕಿಗೆ 2009ರಲ್ಲಿ ಬಂದವರು ಅಂದಾಜು 46 ಲಕ್ಷ, 2011ರಲ್ಲಿ ಸುಮಾರು 77 ಲಕ್ಷ. ಅದೇ ಅವಧಿಯಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ಬರುವವರು ಮಾತ್ರ 1.7 ಕೋಟಿಯ ಆಸುಪಾಸಿನಲ್ಲೇ ಇದ್ದರು. ಮುಖ್ಯ ದೇವಸ್ಥಾನಕ್ಕೆ ಕೈಮುಗಿಯದೆ ಯಾರೂ ವಾಪಸು ಹೋಗುವುದಿಲ್ಲ. ನಮ್ಮ ಯೋಜನೆಯಲ್ಲೂ ಮ್ಯಾಜಿಕ್ ಕಿಂಗ್‌ಡಮ್ ಉಳಿಯಿತು. ಬಿಟ್ಟುಹೋದದ್ದು ಡಿಸ್ನಿಯವರದೇ ಉಳಿದ ಮೂರು. ಪೈಪೋಟಿಯ ಪೆಟ್ಟು ಬೀಳುವುದು 'ದಿನ ಇದ್ದರೆ ನೋಡೋಣ' ಎನ್ನುವ ಜಾಗಗಳಿಗೆ.

ಸಂಪಾದಕರೇ, ಕಾರವಾರ ಎಂದರೆ ಆ 'ದಿನ ಇದ್ದರೆ ನೋಡೋಣ.' ನನ್ನ ರಿಜಿಸ್ಟರಿನಲ್ಲಿ 'ಎಲ್ಲಿಂದ ಬಂದದ್ದು', 'ಎಲ್ಲಿಗೆ ಹೋಗುವುದು' ಎಂದು ಎರಡು ಕಾಲಂ ಇವೆ, ಎಲ್ಲ ಲಾಡ್ಜುಗಳಲ್ಲೂ ಇರುತ್ತವೆ. ಮೊದಲು ಹುಬ್ಬಳ್ಳಿ, ಗದಗದ ಕುಟುಂಬಗಳು ಎರಡು ರಾತ್ರಿ ನಿಲ್ಲುತ್ತಿದ್ದವು. ಒಂದು ದಿನ ಟ್ಯಾಗೋರ್ ತೀರ, ಮ್ಯೂಸಿಯಂ ಮಾಡಿ ಇಟ್ಟಿರುವ ಯುದ್ಧನೌಕೆ, ಸದಾಶಿವಗಡ, ಮರುದಿನ ದೋಣಿ. 2020ರಲ್ಲಿ ಹೊನ್ನಾವರದ ಕಾಸರಕೋಡು ತೀರಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ತೀರವೆಂಬ ಅಂತಾರಾಷ್ಟ್ರೀಯ ಮಾನ್ಯತೆ, ಬಂತು. ಶರಾವತಿ ಹಿನ್ನೀರಿನ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಮರದ ಸೇತುವೆ ಎಲ್ಲ ರೀಲ್ಸ್‌ನಲ್ಲಿ ಓಡತೊಡಗಿದವು. ಜನ ಕಾರವಾರಕ್ಕೆ ಬರುವುದನ್ನು ಬಿಟ್ಟಿಲ್ಲ. ಈಗಲೂ ಬರುತ್ತಾರೆ, ಆದರೆ ಬೆಳಿಗ್ಗೆ ಏಳಕ್ಕೇ ಬ್ಯಾಗು ಕಟ್ಟಿ ಕೌಂಟರಿನಲ್ಲಿ ನಿಂತು, "ಅಣ್ಣಾರ, ಹೊನ್ನಾವರ ಎಷ್ಟೊತ್ತಿಗೆ ಮುಟ್ಟತೀವ್ರೀ?" ಎನ್ನುತ್ತಾರೆ. ಹೊನ್ನಾವರ ನಮ್ಮಿಂದ ಕದ್ದದ್ದು ಗಿರಾಕಿಯನ್ನಲ್ಲ, ಎರಡನೆಯ ರಾತ್ರಿಯನ್ನು.

ಅದನ್ನು ಮರಳಿ ತರಲು ಅವರಂಥದ್ದೇ ಇನ್ನೊಂದನ್ನು ಕಟ್ಟುತ್ತ ಹೋಗಬೇಕೇ? ಡಿಸ್ನಿಯಂಥ ಕುಬೇರರಿಗೂ ಅದು ಕೂಡಲೇ ಆಗುವ ಕೆಲಸವಲ್ಲ. ಹ್ಯಾರಿ ಪಾಟರ್‌ಗೆ ಉತ್ತರವೆಂದು ಎಲ್ಲರೂ ಹೇಳುವ 'ಅವತಾರ್' ಸಿನಿಮಾದ ಲೋಕವನ್ನು ಅವರು ಘೋಷಿಸಿದ್ದು 2011ರಲ್ಲಿ, ತೆರೆದದ್ದು 2017ರಲ್ಲಿ. ಆರು ವರ್ಷ. ನಮ್ಮಲ್ಲಿ ಆರು ವರ್ಷದಲ್ಲಿ ಶಿಲಾನ್ಯಾಸದ ಕಲ್ಲಿಗೆ ಪಾಚಿ ಕಟ್ಟುತ್ತದೆ.

ಅವರು ತಕ್ಷಣಕ್ಕೆ ಮಾಡಿದ ಒಂದು ಸಣ್ಣ ಕೆಲಸ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. 2025ರಲ್ಲಿ ಡಿಸ್ನಿಯ ಹೋಟೆಲಿನಲ್ಲಿ ಇಳಿದವರಿಗೆ, ಬಂದಿಳಿದ ದಿನ ವಾಟರ್ ಪಾರ್ಕ್ ಪುಕ್ಕಟೆ. ಬಂದ ದಿನ ಯಾರಿಗೂ ಲೆಕ್ಕಕ್ಕಿಲ್ಲದ ದಿನ. ಪ್ರಯಾಣದ ದಣಿವು, ಕೋಣೆ ಇನ್ನೂ ಸಿಕ್ಕಿಲ್ಲ, ಪೂರ್ತಿ ಟಿಕೆಟ್ಟು ಕೊಂಡರೆ ಅರ್ಧ ದಿನದ ದುಡ್ಡು ದಂಡ. ಆ ಸತ್ತ ಅರ್ಧ ದಿನಕ್ಕೆ ಜೀವ ಕೊಟ್ಟರು. ಬರೀ ಯೂನಿವರ್ಸಲ್ ಬಳಿಯೇ ಉಳಿಯುವುದೆಂದಿದ್ದ ಸೊಸೆ ಇದೊಂದಕ್ಕಾಗಿ ಎರಡು ರಾತ್ರಿ ಡಿಸ್ನಿ ಹೋಟೆಲಿಗೆ ಬುಕ್ ಮಾಡಿದಳು. ಮಕ್ಕಳು ನೀರಿನಲ್ಲಿ ಬಿದ್ದುಕೊಂಡವು, ನಾನೂ ಹೆಂಡತಿಯೂ ನೆರಳಿನಲ್ಲಿ ಕಾಲು ಚಾಚಿ ಕೂತೆವು. ಇಡೀ ಪ್ರವಾಸದಲ್ಲಿ ನಮ್ಮ ವಯಸ್ಸಿಗೆ ಒಪ್ಪಿದ ಸಂಜೆ ಅದು.

ಕೂತಲ್ಲೇ ನನಗೆ ನೆನಪಾದದ್ದು ಶಿರವಾಡದ ನಮ್ಮ ರೈಲ್ವೆ ಸ್ಟೇಷನ್. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಬರುತ್ತದೆ. ರಾತ್ರಿಯೆಲ್ಲ ಬರ್ತಿನಲ್ಲಿ ಹೊರಳಾಡಿದ ಸಂಸಾರ ಆಟೋ ಹಿಡಿದು ಊರೊಳಗೆ ಬಂದರೆ, 'ಚೆಕ್‌ಇನ್ ಹನ್ನೆರಡಕ್ಕೆ' ಎನ್ನುತ್ತೇವೆ. ನಾನೂ ಎಷ್ಟೋ ವರ್ಷ ಹಾಗೆಯೇ ಅಂದವನು. ಮಗು ಅಳುತ್ತಿರುತ್ತದೆ, ಸೂಟ್‌ಕೇಸ್ ಮೆಟ್ಟಿಲ ಮೇಲೆ, ಅಜ್ಜಿಗೆ ಸ್ನಾನವಾಗದೆ ಕಾಫಿ ಇಳಿಯದು. ಆ ನಾಲ್ಕು ತಾಸಿನಲ್ಲೇ ಮನೆಯ ಯಜಮಾನ ಮೊಬೈಲು ತೆಗೆದು ಮುಂದಿನ ಊರು ಹುಡುಕಲು ಶುರುಮಾಡುತ್ತಾನೆ. ಅಮೆರಿಕದಿಂದ ಬಂದವನೇ ನಾನು ಮಾಡಿದ ಮೊದಲ ಕೆಲಸ: ಹಿತ್ತಲ ಕಡೆಯ ಒಂದು ಬಾತ್‌ರೂಮಿಗೆ ಬಿಸಿನೀರಿನ ವ್ಯವಸ್ಥೆ, ಸಾಮಾನು ಇಡಲು ಬೀಗವಿರುವ ಒಂದು ಕೋಣೆ. ಬಂದವರು ಮಿಂದು, ಇಡ್ಲಿ ತಿಂದು, ಬರಿಗೈಯಲ್ಲಿ ತೀರಕ್ಕೆ ಹೋಗಲಿ. ಖರ್ಚು ಹೆಚ್ಚೇನಲ್ಲ. ಎರಡನೆಯ ರಾತ್ರಿ ನಿಂತವರು ಕೆಲವರು ಇದ್ದಾರೆ. ಬಹಳ ಅಂತ ಸುಳ್ಳು ಹೇಳಲಾರೆ.

ಇನ್ನೊಂದು ಸಂಗತಿ, ನನ್ನ ಮಟ್ಟಿಗೆ ಇದೇ ದೊಡ್ಡದು. ನಮ್ಮ ಯೋಜನೆಯಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಉಳಿದದ್ದು ಮೊಮ್ಮಕ್ಕಳಿಂದಲ್ಲ, ನನ್ನಿಂದ. ಅಲ್ಲಿ ಆಗ ಒಂದು ಕೃತಕ ನದಿ ಇತ್ತು, ಅದರಲ್ಲಿ ಹಿಂಬದಿಯಲ್ಲಿ ಕೆಂಪು ಚಕ್ರ ತಿರುಗಿಸುತ್ತ ಹೋಗುವ ಉಗಿಹಡಗು. ಉಗಿ ಯಂತ್ರ ನಿಜವಾದದ್ದು, ಆದರೆ ಹಡಗು ನೀರಿನಡಿಯ ಕಂಬಿಯ ಮೇಲೆ ಓಡುತ್ತಿತ್ತು. ಕಾಳಿ ದಡದಲ್ಲಿ ಬೆಳೆದವನಿಗೆ ಕಂಬಿಯ ಮೇಲಿನ ದೋಣಿಯೆಂದರೆ ನಗು ಬರಬೇಕು, ಆದರೂ ನೋಡುವ ಆಸೆ. 2025ರ ಜುಲೈ 7ರಿಂದ ಆ ನದಿಯನ್ನೇ ಮುಚ್ಚಿ ಕಾರುಗಳ ಆಟದ ಲೋಕ ಮಾಡುತ್ತಾರೆ ಎಂಬುದು ಸೊಸೆಗೆ ಮೊದಲೇ ತಿಳಿದಿತ್ತು. ಯಾವ ಆಟ ಯಾವ ತಾರೀಖಿನಿಂದ ಬಂದ್ ಎಂಬುದನ್ನು ಅವರೇ ಹಾಕಿಬಿಡುತ್ತಾರೆ. "ಮಾವಾ, ಈ ಸಲ ಬಿಟ್ಟರೆ ಇನ್ನಿಲ್ಲ" ಎಂದು ಅವಳೇ ಆ ದಿನವನ್ನು ಗಟ್ಟಿ ಮಾಡಿದಳು. ಹೊಸತು ತೆರೆಯುವ ತಾರೀಖು ಹೇಗೆ ಜನರನ್ನು ಎಳೆಯುತ್ತದೋ ಹಳೆಯದು ಮುಚ್ಚುವ ತಾರೀಖೂ ಹಾಗೆಯೇ ಎಳೆಯುತ್ತದೆ, ಆದರೆ ಅದು ಮೊದಲೇ ತಿಳಿದಿರಬೇಕು. ಹೊಸ ಪಾರ್ಕಿನ ದಿನ ಮಧ್ಯಾಹ್ನ ಗುಡುಗು ಮಿಂಚು ಬಂದು ಬಯಲಿನ ಆಟಗಳು ನಿಂತವು. ಅದೂ ಕ್ಷಣದಲ್ಲಿ ಫೋನಿನಲ್ಲಿತ್ತು. ಜನ ಗೊಣಗಲಿಲ್ಲ, ಊಟಕ್ಕೆ ಹೋದರು.

ನಮ್ಮಲ್ಲಿ? ತೀರದ ಒಂದು ತಾಣದ ಗೇಟಿಗೆ ಬೀಗ ಬಿದ್ದದ್ದು ಅಲ್ಲಿಗೆ ಹೋಗಿ ನಿಂತ ಮೇಲೆ ಗೊತ್ತಾಗುತ್ತದೆ. ವಾರದ ರಜೆಯೋ, ರಿಪೇರಿಯೋ, ಕೀಲಿ ಹಿಡಿದವರು ಊಟಕ್ಕೆ ಹೋದದ್ದೋ, ಬರೆದು ಅಂಟಿಸಿದ ಚೀಟಿಯೂ ಇರುವುದಿಲ್ಲ. ಯುದ್ಧನೌಕೆಯ ಪಕ್ಕ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಬಂದ ಟುಪೊಲೆವ್ ವಿಮಾನ ನಿಂತಿದೆ. ಕಡಲ ಮೇಲೆ ಹಾರಿ ಜಲಾಂತರ್ಗಾಮಿ ಹುಡುಕುತ್ತಿದ್ದ ಅಷ್ಟು ದೊಡ್ಡ ವಿಮಾನವನ್ನು ನಮ್ಮ ರಾಜ್ಯದಲ್ಲಿ ಮಕ್ಕಳು ಬೇರೆ ಎಲ್ಲಿ ನೋಡಬೇಕು? ನಮ್ಮ 'ಹೊಸ ಆಟ' ಅದೇ. ಆದರೆ ಮಳೆಗಾಲದಲ್ಲಿ ದೋಣಿ ಇಲ್ಲ, ನೀರಿಗೆ ಇಳಿಯುವಂತಿಲ್ಲ ಎಂಬುದನ್ನು ಕೂಡ ಘಟ್ಟದ ಮೇಲಿನವರು ಬಂದ ಮೇಲೆಯೇ ತಿಳಿಯುತ್ತಾರೆ. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ನಮ್ಮ ಮನೆಯ ಹತ್ತಿರವೇ ಕಾಳಿಯ ಹಳೆಯ ಸೇತುವೆ ಬಿತ್ತು. ಆ ಮಳೆಗಾಲದಲ್ಲಿ ಬುಕಿಂಗ್ ರದ್ದಾದದ್ದು ಸಹಜ. ಸಹಜವಲ್ಲದ್ದೇನೆಂದರೆ, ಅದಾಗಿ ವರ್ಷ ಕಳೆದ ಮೇಲೂ ದಾವಣಗೆರೆಯಿಂದ ಫೋನು ಬರುತ್ತದೆ: "ರಸ್ತೆ ಸರಿಯಾಯ್ತಾ? ಗೋವಾ ಕಡೆ ಸೇತುವೆ ಇದೆಯಾ?" ನಾನು ಇದೆ ಎನ್ನುತ್ತೇನೆ. ಲಾಡ್ಜಿನವನು ಇಲ್ಲ ಎನ್ನುತ್ತಾನೆಯೇ ಎಂದು ಅವರು ಮನಸ್ಸಿನಲ್ಲೇ ನಕ್ಕಿರಬೇಕು. ಹೇಳಬೇಕಾದವರು ಬೇರೆ.

ಥೀಮ್ ಪಾರ್ಕ್ ಕೇಳಿದ ಓದುಗರಿಗೆ ನಾನು ವಿರೋಧಿಯಲ್ಲ. ಬಂದರೆ ಬರಲಿ, ಮೊದಲ ವಾರ ನನ್ನ ಕೋಣೆಗಳೂ ತುಂಬುತ್ತವೆ. ಅಲ್ಲಿಯವರೆಗೆ ನನ್ನದೊಂದು ಕೋರಿಕೆ ಇದೆ, ಅದು ಸರಕಾರಕ್ಕಲ್ಲ, ನಿಮಗೆ. ಮಳೆಗಾಲದಲ್ಲಿ ನಿಮ್ಮ ಜಿಲ್ಲಾ ಪುಟದಲ್ಲಿ ಸೂಪಾ, ಕದ್ರಾ, ಲಿಂಗನಮಕ್ಕಿಯ ನೀರಿನ ಮಟ್ಟ ದಿನವೂ ಬರುತ್ತದೆ. ಅದರ ಕೆಳಗೆ ಎರಡೇ ಬೆರಳಗಲದ ಜಾಗ ಕೊಡಿ: ಇಂದು ದೇವಬಾಗಕ್ಕೆ ದೋಣಿ ಇದೆಯೋ ಇಲ್ಲವೋ, ನೇತ್ರಾಣಿಗೆ ಡೈವಿಂಗ್ ನಡೆಯುತ್ತಿದೆಯೋ, ಯುದ್ಧನೌಕೆಗೆ ಯಾವ ವಾರ ರಜೆ, ದೇವಿಮನೆ ಮತ್ತು ಅರಬೈಲ್ ಘಟ್ಟದಲ್ಲಿ ಭಾರಿ ವಾಹನಕ್ಕೆ ತಡೆ ಇದೆಯೇ. ಹುಬ್ಬಳ್ಳಿ, ಬೆಳಗಾವಿ ಆವೃತ್ತಿಗಳಲ್ಲೂ ಅದು ಬರಬೇಕು. ಇಲ್ಲಿಯವರು ಓದಿ ಏನು ಮಾಡುವುದು? ಕಾರವಾರದ ಮಾಹಿತಿಯನ್ನು ಹಿಂದಿನ ಸಂಜೆ ಆರರೊಳಗೆ ದೋಣಿಯವರನ್ನು ಕೇಳಿ ನಿಮ್ಮ ವರದಿಗಾರರಿಗೆ ತಿಳಿಸುವ ಜವಾಬ್ದಾರಿ ನನ್ನದು. ಸಂಜೆ ಹೇಗೂ ನಾನು ದಂಡೆಯಲ್ಲೇ ಇರುತ್ತೇನೆ. ಗೋಕರ್ಣ, ಹೊನ್ನಾವರ, ಮುರ್ಡೇಶ್ವರದ ಲಾಡ್ಜಿನವರು ತಂತಮ್ಮ ಊರಿನದ್ದನ್ನು ಹೇಳಲು ಒಪ್ಪಿದರೆ ಅವರದೂ ಬರಲಿ, ನನ್ನ ತಕರಾರಿಲ್ಲ.

– ಲಾಡ್ಜ್ ಮಾಲೀಕ, ಕೋಡಿಬಾಗ, ಕಾರವಾರ